ಸೀಟಿನ ಮೇಲಿನ ಟವೆಲ್

ನಮ್ಮ ಬ್ಯಾಂಕಿನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ, ಒಂದು ಪ್ರೋಗ್ರಾಂ ಹಿಡಿದ ಫೈಲನ್ನು ಇನ್ನೊಂದು ಮುಟ್ಟದಂತೆ ಬೀಗ ಹಾಕಿ ಕಾಯುವ ಸಾಫ್ಟ್‌ವೇರ್ ಇದೆ. ಮೊನ್ನೆ ಒಂದು ವ್ಯವಹಾರವೂ ನಿಲ್ಲದಂತೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆವು. ಏನೂ ಕೆಡಲಿಲ್ಲ, ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಹಾಳಾಗಿ ಹೋಗಲಿ.

ಆ ಸಂಜೆ ಬಂಗಾರಪೇಟೆ ರೈಲಿನಲ್ಲಿ ಉಳಿದಿದ್ದ ಒಂದೇ ಸೀಟಿನ ಮೇಲೆ ಯಾರದೋ ಟವೆಲ್ ಇತ್ತು. ಟವೆಲ್ ಹಾಕಿದರೆ ಸೀಟು ಹಿಡಿದಂತೆ. ಅದು ನಮ್ಮ ರೈಲಿನ ಕಾನೂನು. ಹಾಕಿದವರು ಬರುತ್ತಾರೆಂದು ನಿಂತೇ ಇದ್ದೆ. ವೈಟ್‌ಫೀಲ್ಡ್ ಹೋಯಿತು, ಮಾಲೂರು ಹೋಯಿತು, ಕಾಲು ಬಿದ್ದುಹೋಯಿತು. ಯಾರೂ ಬರಲಿಲ್ಲ.

ಬಂಗಾರಪೇಟೆ ಬಂದಾಗ ಪಕ್ಕದ ಸೀಟಿನ ಮುದುಕ ಎದ್ದು ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಸೆಕೆ ಅಂತ ತೆಗ್ದು ಅಲ್ಲಿಕ್ಕಿದ್ದೆ ಕಣಮ್ಮಾ. ಒಂದ್ ಮಾತು ಕೇಳಿದ್ರೆ ಎತ್ಕೋತಿರ್ಲಿಲ್ವಾ?"