ತುಂಬಿದ ಕೆಚ್ಚಲು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಹತ್ತರಗಿಯಲ್ಲಿ ಹೈವೇ ಬಾಜೂ ಚಹಾದಂಗಡಿ ಇಟ್ಟಿರುವ ನನ್ನ ತಮ್ಮ ಕುಲಗೋಡಕ್ಕೆ, ನಮ್ಮ ಮನೆಗೆ ಬಂದಿದ್ದ. ಬರುವಾಗ ಬಾಳೆಹಣ್ಣು ತರುವ ರೂಢಿ ಅವನಿಗಿಲ್ಲ. ಫೋನಿನಲ್ಲಿ ಕಂಡದ್ದನ್ನೆಲ್ಲ ತರುತ್ತಾನೆ.

ನನ್ನ ಮೊಮ್ಮಗಳು ಗೋಕಾಕದ ಕಾಲೇಜಿಗೆ ಹೋಗುತ್ತಾಳೆ. ಮರುದಿನ ಅವಳು ಎಲ್ಲರೆದುರು ನಿಂತು ಮಾತಾಡುವುದಿತ್ತು. ಜರ್ಮನಿಯ ನಾಜಿಗಳು ಯಹೂದಿ ಜನರನ್ನು, ಹಸುಗೂಸನ್ನೂ ಬಿಡದೆ, ಕೊಂದ ವಿಷಯ. ವಾರದಿಂದ ಗೋಡೆಗೆ ಮುಖ ಮಾಡಿ ಕಲಿಯುತ್ತಿದ್ದಳು. ಕೇಳಿ ಕೇಳಿ ನನಗೂ ಅರ್ಧ ಬಾಯಿಪಾಠವಾಗಿತ್ತು.

ತಮ್ಮ ಕೇಳಿ ನಕ್ಕ. "ಅದೆಲ್ಲಾ ಸುಳ್ಳ ಐತಿ. ಫೋನಿನ್ಯಾಗ ಒಬ್ಬಾಂವ ಬಿಡಿಸಿ ಹೇಳ್ಯಾನ. ನಾಳೆ ಯಾರರೆ ಎದ್ದು ಕೇಳಿದರ ಮಾರಿ ಎಲ್ಲಿ ಇಟ್ಕೋತಿ?"

ಹುಡುಗಿಯ ಮುಖ ಸಣ್ಣದಾಯಿತು. "ಆಯಿ, ನಾ ನಾಳೆ ಹೋಗೂದಿಲ್ಲ" ಅಂದಳು.

ನಾನು ಅವರೆಕಾಯಿ ಬಿಡಿಸುತ್ತಿದ್ದೆ. "ಅವಾ ಏನ ಹೇಳ್ಯಾನ, ಪೂರಾ ಹೇಳು ತಮ್ಮಾ."

"ಯಾರೂ ಕೊಂದಿಲ್ಲ. ಸತ್ತಾವ್ರು ಜಡ್ಡಿಲೆ ಸತ್ತಾರ. ಅಷ್ಟ ಮಂದಿ ಅಲ್ಲಿ ಇರಲೇ ಇಲ್ಲ. ಕೊಲ್ರಿ ಅಂತ ಬರದ ಹುಕುಂ ಎಲ್ಲೈತಿ, ತೋರಸ್ರಿ ಅಂತಾನ."

"ನಿನ್ನ ಕರಿ ನಾಯಿ ನೆನಪೈತೇನು?"

ತಮ್ಮ ಚಹಾದ ಬಸಿ ಕೆಳಗಿಟ್ಟ. "ಈಗ್ಯಾಕ ಅದು?"

ಅವನಿಗೆ ಮೀಸೆ ಮೂಡುತ್ತಿದ್ದ ಕಾಲ. ಅವನ ನಾಯಿ ಬಾಜೂ ಮನೆಯ ಕುರಿಗಾರನ ಮರಿಗಳನ್ನು ಕೊಂದಿತ್ತು. ಹಿರಿಯರು ಕೇಳಿದರೆ, ನಾಯಿಯನ್ನು ಕಟ್ಟಿಹಾಕಿದ್ದೆ ಅಂದ. ಆಮೇಲೆ, ಮರಿಗಳು ಜಡ್ಡು ಬಂದು ಸತ್ತವು ಅಂದ. ಕಡೆಗೆ, ಆ ಕುರಿಗಾರನ ಹತ್ತಿರ ಮರಿಗಳೇ ಇರಲಿಲ್ಲ ಅಂದ. ಇರದ ಮರಿಗೆ ಜಡ್ಡು ಹೇಗೆ ಬಂತು? ತಿಪ್ಪೆಯ ಹಿಂದಿನ ಹೊಸ ಮಣ್ಣು ಕೆದರಿದರೆ ಮರಿಗಳು ಸಿಕ್ಕವು. ನಾಯಿಯ ಹಲ್ಲಿನಲ್ಲಿ ಉಣ್ಣೆ ಇತ್ತು, ಆಗ ಒಪ್ಪಿಕೊಂಡ. ಅದೆಲ್ಲ ಆಮೇಲೆ. ಮೊದಲಿಗೇ ತಾಯಿಕುರಿಗಳು ಕೆಚ್ಚಲು ಬಿಗಿದು ಒದರುತ್ತಿದ್ದವು. ಮರಿಯೇ ಇಲ್ಲದಿದ್ದರೆ ಆ ಹಾಲು ಯಾರಿಗೆ ಇಳಿದಿತ್ತು?

"ಕಚ್ಚು ಅಂತ ಬರದ ಕಾಗದ ಸಿಗಲಿಲ್ಲಂತ ಆ ಮರಿ ಎದ್ದು ಕುಂತವೇನು?" ಅಂದೆ.

ಮೊಮ್ಮಗಳಿಗೆ ಬಾಯಿ ಬಂತು. "ಅಜ್ಜಾ, ಅಲ್ಲಿ ಹೆಣ ಹುಗದ ಕುಣಿ ಸಿಕ್ಕಾವ. ಮಂದೀನ ರೈಲಿನ್ಯಾಗ ತುಂಬಿ ಕಳಿಸಿದ ಕಾಗದ ಅದಾವ. ಕೊಂದಾವ್ರ ಕೋರ್ಟಿನ್ಯಾಗ ಒಪ್ಪಿಕೊಂಡಾರ. ಉಳದಾವ್ರು ಬ್ಯಾರೆ ಬ್ಯಾರೆ ದೇಶದಾಗ ಕುಂತು, ಒಬ್ಬರ ಮಾರಿ ಒಬ್ಬರು ನೋಡದ, ಒಂದ ಮಾತ ಹೇಳ್ಯಾರ. ತಮ್ಮ ಮಕ್ಕಳ ಹೆಸರ ಹಿಡದು ಹೇಳ್ಯಾರ."

ಆ ಮಾತಿಗೆ ನನ್ನ ಕೈ ಅವರೆಕಾಯಿಯ ಮೇಲೆ ನಿಂತಿತು.

"ಅಕ್ಕಾ, ಅವು ಕುರಿಮರಿ ಇದ್ವು" ಅಂದ ತಮ್ಮ.

"ಹೌದಲ್ಲ. ಕುರಿಮರಿಗಿ ಒಪ್ಪಿಕೊಂಡಿ. ಮಂದಿಗಿ ಒಪ್ಪಾಕ ಏನ ಅಡ್ಡ ಬಂದೈತಿ?"

ಅವನು ಫೋನು ತೆಗೆದ, ನೋಡಲಿಲ್ಲ, ಮತ್ತೆ ಕಿಸೆಗೆ ಹಾಕಿದ. "ಆ ಫೋನಿನಾಂವ ಕೆಚ್ಚಲ ಮಾತ ತಗೀಲಿಲ್ಲ" ಅಂದ.

"ತಗದಿದ್ರ ಅವನ ಅಂಗಡಿ ನಡೀತಿತ್ತೇನು?"

ತಪ್ಪಾಯಿತು ಅಂತ ಅವನು ಅನ್ನಲಿಲ್ಲ. ಆ ಮಾತು ನಮ್ಮ ಮನೆತನದಲ್ಲೇ ಇಲ್ಲ. ಮೊಮ್ಮಗಳು ಮತ್ತೆ ಗೋಡೆಗೆ ಮುಖ ಮಾಡಿದಳು. ಸ್ವಲ್ಪ ಹೊತ್ತಿಗೆ ಅವನೇ, "ಈ ಕಡೆ ತಿರಗ. ಅಷ್ಟ ಸಣ್ಣ ದನಿ ಯಾರಿಗಿ ಕೇಳತೈತಿ?" ಅಂದ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿದೆ. ತಮ್ಮನನ್ನು ಎಬ್ಬಿಸಿ, ಅವಳ ಚೀಲ ಅವನ ಹೆಗಲಿಗೆ ಹಾಕಿ, ಇಬ್ಬರನ್ನೂ ಗೋಕಾಕದ ಬಸ್ಸು ಹತ್ತಿಸಿದೆ.