ಫೋನಿನಲ್ಲಿ ಫೈಲು ಮುಚ್ಚದ ಗಾಯದಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿಯವರು ಕಣ್ಣುಜ್ಜುತ್ತಾ ಹೊರಬರುತ್ತಿದ್ದಾರೆ, ಬೆಳಗಿನ ಪಾಳಿಯವರು ಕಣ್ಣುಜ್ಜುತ್ತಾ ಒಳಹೋಗುತ್ತಿದ್ದಾರೆ. ಎರಡು ಸಾಲುಗಳ ನಡುವೆ ಹೆಗಲಿಗೆ ಚೀಲ, ಕಾಲಿಗೆ ಒಂದು ಸೈಜು ದೊಡ್ಡದಾದ ಸೇಫ್ಟಿ ಶೂ ಏರಿಸಿಕೊಂಡ ಹೆಂಗಸೊಬ್ಬರು ನಿಂತಿದ್ದಾರೆ. ಕಾವಲುಗಾರ ಅವರನ್ನು ನೋಡಿದ್ದೇ ಹಣೆ ಚಚ್ಚಿಕೊಳ್ಳುತ್ತಾನೆ.

"ಬಂದ್ರಾ? ಈ ಸಲ ಏನಕ್ಕಾ, ಕೈಯೋ ಕಾಲೋ?"

"ಬೆರಳು ಕಣಪ್ಪ. ಮೊದಲು ಗೇಟು ತೆಗಿ, ನಿನ್ನ ನಾಲಿಗೆ ಆಮೇಲೆ ವಿಚಾರಿಸ್ಕೋತೀನಿ."

ಕೆಲಸಗಾರರ ಬಾಯಲ್ಲಿ ಇವರು ಗಾಯದಕ್ಕ. ಸಂಬಳದ ಚೀಟಿಯಲ್ಲಿರುವ ಹುದ್ದೆಯ ಹೆಸರು ಬೇರೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಗಾಯ ಮಾಗಿ ಹೋಗುತ್ತದೆ. ಕಾರ್ಖಾನೆಯೊಳಗೆ ಒಬ್ಬನಿಗೆ ಪೆಟ್ಟು ಬಿದ್ದರೆ ಆಸ್ಪತ್ರೆಯ ಖರ್ಚು, ಮನೆಯಲ್ಲಿ ಮಲಗಿದ ದಿನಗಳ ಸಂಬಳ, ಅಂಗ ಹೋದರೆ ಪರಿಹಾರ, ವಾಪಸ್ ಬಂದಮೇಲೆ ಮೈಗೆ ಒಗ್ಗುವ ಕೆಲಸ, ಇಷ್ಟನ್ನೂ ಮಾಲೀಕ ನೋಡಿಕೊಳ್ಳಬೇಕು. ಆ ನೋಡಿಕೊಳ್ಳುವ ತಲೆನೋವನ್ನೇ ಈಗ ಮಾಲೀಕರು ಹೊರಗಿನ ಕಚೇರಿಗಳಿಗೆ ವಹಿಸಿದ್ದಾರೆ. ಕ್ಯಾಂಟೀನು ಗುತ್ತಿಗೆ, ಕಸ ಗುಡಿಸುವುದು ಗುತ್ತಿಗೆ, ಈಗ ಕನಿಕರವೂ ಗುತ್ತಿಗೆ! ಬೆರಳು ಹೋಗುವುದು ಒಳಗೆ, "ಹೇಗಿದ್ದೀರಿ" ಎಂದು ಕೇಳುವುದು ಹೊರಗಿನಿಂದ.

ಗಾಯದಕ್ಕ ಕೆಲಸ ಮಾಡುವುದು ಅಂಥದೊಂದು ಕಚೇರಿಯಲ್ಲಿ. ಟೈರ್ ಅಂಗಡಿಯ ಮಹಡಿ ಮೇಲೆ, ರಬ್ಬರಿನ ವಾಸನೆ ಬಡಿಯುವ ಉದ್ದನೆಯ ಕೋಣೆ; ಸಾಲಾಗಿ ಕುರ್ಚಿ, ಒಬ್ಬೊಬ್ಬರ ಕಿವಿಗೂ ಒಂದೊಂದು ಹೆಡ್‌ಫೋನ್. ಹನ್ನೆರಡು ಕಾರ್ಖಾನೆಗಳ ಗಾಯಗಳು ಈ ಕೋಣೆಗೆ ಬರುತ್ತವೆ. ದಿನಕ್ಕೆ ಮೂವತ್ತು ನಲವತ್ತು ಕರೆ ಇವರೊಬ್ಬರ ಪಾಲಿಗೇ. ಸುಟ್ಟ ಮೊಣಕೈ, ಉಳುಕಿದ ಸೊಂಟ, ಕಣ್ಣಿಗೆ ಹಾರಿದ ಕಬ್ಬಿಣದ ಪುಡಿ. ಇಂಥ ಕಚೇರಿಗಳಲ್ಲಿ ಫೋನಿನಲ್ಲೇ ಫೈಲು ತೆರೆದು ಫೋನಿನಲ್ಲೇ ಮುಚ್ಚುವುದು ವಾಡಿಕೆ. ಗಾಯದಕ್ಕ ಮಾತ್ರ ಹಾಗೆ ಮುಚ್ಚುವವರಲ್ಲ.

"ಮೊದಲನೇ ಫೋನಲ್ಲಿ ಎಲ್ಲರೂ ಒಂದೇ ಪಾಠ ಒಪ್ಪಿಸ್ತಾರೆ: 'ತಪ್ಪು ನಂದೇ ಮೇಡಂ.' ಕೈ ಕಳ್ಕೊಂಡವನಿಗೆ ಕೆಲಸಾನೂ ಕಳ್ಕೊಳ್ಳೋ ಭಯ. ಆ ಮಾತು ಹಿಡ್ಕೊಂಡು ಫೈಲು ಮುಚ್ಚೋದು ಸುಲಭ. ಆದ್ರೆ ಅದು ಅವನ ಮಾತಲ್ಲ, ಅವನ ಭಯದ ಮಾತು," ಎನ್ನುತ್ತಾರೆ. ಅದಕ್ಕೇ ಮೊದಲ ಕರೆಯಲ್ಲಿ ಹೇಗಾಯಿತು ಎಂದು ಅವರು ಕೇಳುವುದೇ ಇಲ್ಲ. ಅಂಗಿಯ ಗುಂಡಿ ಯಾರು ಹಾಕ್ತಾರೆ, ನಿದ್ದೆ ಬರುತ್ತಾ ಎಂದಷ್ಟೇ ಕೇಳಿ, ಆಮೇಲೆ ಮನೆಗೆ ಹೋಗಿ, "ಬಾಯಲ್ಲಿ ಹೇಳಬೇಡ, ಮಾಡಿ ತೋರಿಸು" ಎನ್ನುತ್ತಾರೆ.

ಈ ಬೆಳಗ್ಗೆ ಅವರು ಗೇಟಿಗೆ ಬಂದಿರುವುದು ಪ್ರೆಸ್ ವಿಭಾಗದ ಒಬ್ಬ ಕೆಲಸಗಾರನಿಗಾಗಿ. ತಗಡು ಒತ್ತುವ ಯಂತ್ರಕ್ಕೆ ಆತನ ಎಡಗೈಯ ಮೂರು ಬೆರಳು ಹೋಗಿವೆ. ಆ ಯಂತ್ರಕ್ಕೆ ಎರಡು ಗುಂಡಿಗಳಿವೆ. ಎರಡೂ ಕೈಯಿಂದ ಎರಡನ್ನೂ ಒತ್ತಿ ಹಿಡಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನಡಿ ಸಿಗುವುದಿಲ್ಲವಲ್ಲ, ಅದಕ್ಕೆ. ಎಡಗಡೆಯ ಗುಂಡಿ ಸದಾ ಒತ್ತಿಕೊಂಡೇ ಇರಲೆಂದು ಮರದ ಚಕ್ಕೆ ತುರುಕಿದವನು ಅವನೇ, ಅದೂ ಪೆಟ್ಟಾದ ದಿನವೇ ಬೆಳಗ್ಗೆ, ಎಂಬುದು ಮ್ಯಾನೇಜರರ ವಾದ. ಬೇಕೆಂದೇ ರಕ್ಷಣೆ ಕೆಡಿಸಿದವನಿಗೆ ಪರಿಹಾರವಿಲ್ಲ ಎನ್ನುತ್ತದೆ ನಿಯಮ. ವಾದ ನಿಂತರೆ ಆತನ ಬೆರಳೂ ಹೋಯಿತು, ಕೆಲಸವೂ ಹೋಯಿತು.

ಆತನದು ಮೆಟ್ಟಿಲಡಿಯ ಒಂದೇ ಕೋಣೆ. ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಗಾಯದಕ್ಕ ಹೋದಾಗ ಆತ ಕಂಬಳಿಯಡಿ ಕೈ ಮುಚ್ಚಿಕೊಂಡು, "ತಪ್ಪು ನಂದೇ ಅಕ್ಕ" ಎಂದೇ ಶುರುಮಾಡಿದ್ದ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿ ಮಾಡಿ ತೋರಿಸೆಂದರೆ, ಬ್ಯಾಂಡೇಜಿನ ಎಡಗೈ ಇಲ್ಲದ ತಗಡನ್ನು ಮುಂದಕ್ಕೆ ನೂಕಿತು, ಬಲಗೈ ಇಲ್ಲದ ಗುಂಡಿಯನ್ನು ಒತ್ತಿತು.

"ಎಡಗಡೆ ಗುಂಡಿ?"

ಆತ ಎಡಗೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ. ಹೆಂಡತಿ ಬಿಡಲಿಲ್ಲ.

"ಹೇಳ್ರೀ! ಬಚ್ಚಿಡೋಕೆ ಇನ್ನೇನು ಉಳಿದಿದೆ, ಆ ಎರಡು ಬೆರಳಾ?"

"ನಾನು ಕೆಲಸಕ್ಕೆ ಸೇರಿದಾಗಲೇ ಚಕ್ಕೆ ಇತ್ತಕ್ಕ," ಎಂದ ಆತ. "ಅದಿಲ್ದೆ ಪಾಳಿಗೆ ಇಷ್ಟು ತಗಡು ಅನ್ನೋ ಕೌಂಟ್ ಬರಲ್ಲ. ಕೌಂಟ್ ಬರದಿದ್ರೆ ಆಳೇ ಬೇಡ ಅಂತಾರೆ. ಎಲ್ಲಾ ಪ್ರೆಸ್ಸಲ್ಲೂ ಇದೆ. ನಾನು ಬಾಯಿ ಬಿಟ್ರೆ ಮಿಕ್ಕವರಿಗೆ ತೊಂದರೆ."

ಮೂರು ಬೆರಳು ಕಳೆದುಕೊಂಡವನು ಚಿಂತೆ ಮಾಡುತ್ತಿರುವುದು ಪಕ್ಕದ ಯಂತ್ರದವರ ಅನ್ನದ ಬಗ್ಗೆ. ಆ ಕೌಂಟನ್ನು ನಿಗದಿ ಮಾಡಿದವರು ಎಂದಾದರೂ ಪ್ರೆಸ್ಸಿನ ಮುಂದಿನ ಸ್ಟೂಲಿನ ಮೇಲೆ ಕುಳಿತದ್ದುಂಟೆ?

ಗಾಯದಕ್ಕ ಕೂರುತ್ತಾರೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಯಂತ್ರಗಳು ನಿಂತಿರುತ್ತವೆ. ಅದಕ್ಕೇ ಈ ನಸುಕಿನ ಸವಾರಿ. ಪ್ರೆಸ್ ಹಾಲಿನಲ್ಲಿ ಎಣ್ಣೆಯ ಜಿಡ್ಡು, ಹಸಿರು ಬಣ್ಣದ ಯಂತ್ರಗಳ ಸಾಲು. ಹಿಂದೆ ಕೆಲಸಗಾರರು ಗುಂಪುಗೂಡಿ ನಗುತ್ತಿದ್ದಾರೆ. "ಅಕ್ಕಾ, ಹಾಗೇ ಒಂದು ಪಾಳಿ ಮುಗಿಸ್ಕೊಂಡು ಹೋಗಿ!" "ಮುಗಿಸ್ತೀನಿ, ನೀನು ನನ್ನ ಫೋನ್ ತಗೋ," ಎಂದು ಇವರ ಉತ್ತರ. ಇಸ್ತ್ರಿ ಮುರಿಯದ ಅಂಗಿಯಲ್ಲಿ ಮ್ಯಾನೇಜರ್ ಬರುತ್ತಾರೆ. ಚಕ್ಕೆ ಇನ್ನೂ ಗುಂಡಿಯ ಪಕ್ಕದಲ್ಲೇ ಇದೆ. ಸಾಕ್ಷಿಗಿರಲಿ ಎಂದು ಅವರೇ ತೆಗೆಸಿಲ್ಲ.

ಗಾಯದಕ್ಕ ಟಾರ್ಚ್ ಹಿಡಿದು ಬಗ್ಗುತ್ತಾರೆ. ಬೆರಳಿನಿಂದ ಸವರುತ್ತಾರೆ. ಯಂತ್ರದ ಹಸಿರು ಬಣ್ಣ ಒಂದಿಷ್ಟೂ ಬಿರುಕಿಲ್ಲದೆ ಗುಂಡಿಯ ಮೇಲೆ ಹರಿದು, ಚಕ್ಕೆಯ ಮೇಲೂ ಹರಿದು ಗಟ್ಟಿಯಾಗಿದೆ.

"ಸರ್, ಈ ಮೆಷಿನ್‌ಗೆ ಬಣ್ಣ ಯಾವಾಗ ಹೊಡೆಸಿದ್ದು?"

"ಹೋದ ವರ್ಷ. ದೊಡ್ಡ ಗಿರಾಕಿಗಳು ನೋಡೋಕೆ ಬರ್ತಾರೆ ಅಂತ ಎಲ್ಲಾ ಮೆಷಿನ್‌ಗೂ..."

ಮಾತು ಅಲ್ಲಿಗೇ ತುಂಡಾಗುತ್ತದೆ. ಮ್ಯಾನೇಜರ್ ಕೂಡ ಬಗ್ಗಿ ನೋಡುತ್ತಾರೆ, ಪಕ್ಕದ ಯಂತ್ರವನ್ನೂ ನೋಡುತ್ತಾರೆ. ಅಲ್ಲೂ ಹಸಿರು ಚಕ್ಕೆ. ಗಿರಾಕಿಯ ಕಣ್ಣಿಗೆ ಯಂತ್ರ ಫಳಫಳ ಹೊಳೆದರೆ ಸಾಕಿತ್ತು. ಬಣ್ಣ ಹೊಡೆದವನು ಕಂಡದ್ದಕ್ಕೆಲ್ಲ ಬಳಿದು ಹೋಗಿದ್ದಾನೆ. ಅವತ್ತು ಬೆಳಗ್ಗೆ ತುರುಕಿದ ಚಕ್ಕೆಗೆ ಹೋದ ವರ್ಷದ ಬಣ್ಣ!

ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡ ಮೇಲೆ ಮ್ಯಾನೇಜರರ ದನಿ ಏರುತ್ತದೆ. "ನಿಮ್ಮ ಕಚೇರಿಗೆ ಕೆಲಸ ಕೊಟ್ಟಿರೋದು ನಾವು. ಅದು ನೆನಪಿರಲಿ."

"ಇದೆ ಸರ್. ಅದಕ್ಕೇ ಮೊದಲು ನಿಮ್ಮ ಕಿವಿಗೇ ಹಾಕ್ತಿದೀನಿ. ಇದನ್ನೇ ನಾಳೆ ಕೋರ್ಟಲ್ಲಿ ಬೇರೆ ಯಾರೋ ಹೇಳಿದ್ರೆ ಚೆನ್ನಾಗಿರುತ್ತಾ? ಕಂಡಿದ್ದನ್ನ ಕಂಡ ಹಾಗೆ ಬರೀತೀನಿ. ಬೇರೆ ಥರ ಬೇಕಿದ್ರೆ ಬೇರೆಯವರನ್ನ ನೋಡ್ಕೊಳಿ."

ಬೇರೆಯವರನ್ನು ನೋಡಿಕೊಂಡರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಹನ್ನೆರಡರಲ್ಲಿ ಇದೇ ದೊಡ್ಡ ಕಾರ್ಖಾನೆ. "ಇದು ಕೈಬಿಟ್ರೆ ನಮ್ಮ ಅರ್ಧ ಕುರ್ಚಿ ಖಾಲಿ ಕಣಮ್ಮ," ಎಂದು ಅವರ ಕಚೇರಿಯ ಯಜಮಾನರು ಹಿಂದಿನ ದಿನವೇ ನಿಟ್ಟುಸಿರು ಬಿಟ್ಟಿದ್ದರು. "ನನ್ನ ಕುರ್ಚಿ ಮೊದಲು ತೆಗೀರಿ ಸರ್, ಹೇಗೂ ಅದರ ಒಂದು ಕಾಲು ಅಲ್ಲಾಡ್ತಿದೆ," ಎಂದು ಇವರು ಎದ್ದುಬಂದಿದ್ದರು.

ಈ ಮೊಂಡುತನ ಎಲ್ಲಿಂದ ಬಂತು? ಮನೆಯಲ್ಲಿ ಅತ್ತೆಯನ್ನು ಕೇಳಬೇಕು. ಬಾಟಲಿ ತುಂಬಿಸುವ ಕಾರ್ಖಾನೆಯಲ್ಲಿ ದುಡಿದು ಭುಜ ಸವೆಸಿಕೊಂಡ ಜೀವ ಅದು. ತೋಳು ಕಿವಿಯವರೆಗೂ ಏಳುವುದಿಲ್ಲ. "ನಮಗೆ ಪರಿಹಾರ ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ನೋವಿದೆ ಅಂದ್ರೆ ಎಣ್ಣೆ ಹಚ್ಕೋ ಅಂತಿದ್ರು," ಎನ್ನುತ್ತಾರೆ ಅತ್ತೆ. ಟೈಲ್ಸ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಸೊಸೆ ಮದುವೆಯಾಗಿ ಬಂದು ಆ ಅತ್ತೆಯ ಜಡೆ ಹೆಣೆಯುತ್ತಲೇ ಸಂಜೆ ಕಾಲೇಜು ಮುಗಿಸಿದ್ದು. ಇವತ್ತಿಗೂ ಜಡೆ ಹೆಣೆದೇ ಕೆಲಸಕ್ಕೆ ಹೊರಡುವುದು. ಹಾಗೆಂದು ಅತ್ತೆ ಕೊಂಕು ಬಿಡುವುದಿಲ್ಲ: "ಊರವರ ಕೈಕಾಲೆಲ್ಲ ವಿಚಾರಿಸ್ತಾಳೆ ಮಹಾರಾಯಿತಿ, ನನ್ನ ಮಂಡಿ ಕೇಳೋರಿಲ್ಲ!" "ನಿಮ್ಮ ಮಂಡಿ ಡ್ಯೂಟಿ ಮೇಲೆ ಹೋಗಿದ್ದಲ್ಲ ಅತ್ತೆ, ಪಕ್ಕದ ಮನೆ ಹರಟೆಗೆ ಹೋಗಿ ಬಂದಿದ್ದು," ಎನ್ನುತ್ತಾರೆ ಸೊಸೆ.

ಮಾಲೀಕರ ಕಾಸಿನಲ್ಲಿ ಕೂತು ಕಾರ್ಮಿಕನ ಪರ ನಿಲ್ಲಲು ಆದೀತೇ ಎಂಬ ಅನುಮಾನ ನ್ಯಾಯವಾದದ್ದೇ. ಕೇಳಿದರೆ ಗಾಯದಕ್ಕನಿಗೆ ಸಿಟ್ಟು ಬರುವುದಿಲ್ಲ. "ನಾನು ಯಾರ ಪರಾನೂ ಅಲ್ಲ ಅಂದ್ರೆ ಸುಳ್ಳಾಗುತ್ತೆ. ನಾನು ಏನಾಯ್ತೋ ಅದರ ಪರ. ಸುಳ್ಳು ಹೇಳಿ ಬಂದವನನ್ನೂ ವಾಪಸ್ ಕಳಿಸಿದೀನಿ. ಅವನೂ ಈಗ ಸಿಕ್ಕಿದ್ರೆ ನಮಸ್ಕಾರ ಹಾಕ್ತಾನೆ."

ಎರಡು ವಾರದ ನಂತರ ಕಾರ್ಖಾನೆಯಿಂದ ಉತ್ತರ ಬರುತ್ತದೆ. ವಾದ ಹಿಂತೆಗೆದುಕೊಂಡಿದ್ದಾರೆ, ಪರಿಹಾರ ಪೂರ್ತಿ, ಕೆಲಸವೂ ಉಂಟು. ಗಾಯದಕ್ಕನ ಕಚೇರಿಯ ಗುತ್ತಿಗೆ ಮುಂದಿನ ವರ್ಷ ಉಳಿಯುತ್ತದೋ ಇಲ್ಲವೋ, ಆ ಬಗ್ಗೆ ಒಂದಕ್ಷರವಿಲ್ಲ.

ಆತ ಮರಳಿ ಕೆಲಸಕ್ಕೆ ಹೋಗುವ ದಿನ ಗಾಯದಕ್ಕನೂ ಜೊತೆಯಲ್ಲಿದ್ದಾರೆ. ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ. "ಪೆಟ್ಟಾದ ಜಾಗಕ್ಕೆ ಮೊದಲ ದಿನ ಒಬ್ಬರೇ ಹೋಗಬಾರದು," ಅಷ್ಟೇ ಅವರ ವಿವರಣೆ. ಹೊಸ ಕೆಲಸ ಸಿದ್ಧ ತಗಡುಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದು. ಆತ ಪ್ರೆಸ್ ಸಾಲನ್ನು ದಾಟುವಾಗ ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ಎಡಗೈಯನ್ನು ಜೇಬಿನಿಂದ ಹೊರತೆಗೆದು ಮುಂದೆ ನಡೆಯುತ್ತಾನೆ. ಯಂತ್ರಗಳಲ್ಲಿ ಚಕ್ಕೆಗಳಿಲ್ಲ, ಇದ್ದ ಕಡೆ ಬಣ್ಣ ಎದ್ದು ಕಬ್ಬಿಣ ಕಾಣುತ್ತಿದೆ. ಎಲ್ಲರೂ ಎರಡೂ ಕೈಯಲ್ಲಿ ಒತ್ತುತ್ತಿದ್ದಾರೆ.

"ನಿಮ್ಮಿಂದ ಕೌಂಟ್ ಬರ್ತಿಲ್ಲ ಅಕ್ಕಾ!" ಎಂದು ಒಬ್ಬ ಯಂತ್ರದ ಸದ್ದಿನ ಮೇಲೆ ಕೂಗುತ್ತಾನೆ.

"ಕೈ ಬರ್ತಿದೆಯೋ ಇಲ್ವೋ ಮನೆಗೆ?"

ನಿಗದಿಯಾದ ಕೌಂಟನ್ನು ಕಾರ್ಖಾನೆ ಇಳಿಸಿಲ್ಲ. ಅದು ಮುಂದಿನ ಜಗಳ. ಅದನ್ನು ಆಡಬೇಕಾದವರು ಪ್ರೆಸ್ ಹಾಲಿನವರೇ, ಗಾಯದಕ್ಕ ಒಬ್ಬರೇ ಅಲ್ಲ. ಗೇಟಿನ ಹೊರಗೆ ಅವರು ಸೇಫ್ಟಿ ಶೂ ಬಿಚ್ಚಿ ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಮಾತು.

"ಈ ಹಾಲಿನವರು ನನ್ನ ಮುಖ ಮರೀಬೇಕು. ನಾಲ್ಕು ವರ್ಷ ಬಿಟ್ಟು ಬಸ್ಸಲ್ಲಿ ಪಕ್ಕದಲ್ಲೇ ಕೂತ್ರೂ 'ಎಲ್ಲೋ ನೋಡಿದ ಹಾಗಿದೆಯಲ್ಲಾ' ಅಂತ ಕಿಟಕಿ ಕಡೆ ತಿರುಗ್ಬೇಕು. ನಾನೂ ಗುರುತು ಹೇಳಲ್ಲ. ಸುಮ್ನೆ ಕೈ ನೋಡ್ತೀನಿ, ಎರಡೂ ಇದ್ರೆ ನನ್ನ ಸ್ಟಾಪಲ್ಲಿ ಇಳಿದು ಹೋಗ್ತೀನಿ."