ಕಬುಕಿ ನಟನ ಕಪ್ಪು ಕೂದಲು

ಲಂಡನ್ನಿನ ಮ್ಯೂಸಿಯಮ್ಮೊಂದರಲ್ಲಿ ಆ ನಟನನ್ನು ಮೊದಲು ಕಂಡಾಗ ಗಟ್ಟಿಯಾಗಿ ನಕ್ಕುಬಿಟ್ಟೆ. ಜಪಾನಿನ ಕಬುಕಿ ನಾಟಕದ ನಟ. ಮರದ ಅಚ್ಚಿನಿಂದ ಕಾಗದದ ಮೇಲೆ ಮೂಡಿದವನು. ಬಿಳಿ ಬಳಿದ ಮುಖ, ಕೆಂಪು ಗೆರೆಗಳು, ಮೂಗಿನತ್ತ ತಿರುಗಿದ ಕಣ್ಣು. ನಮ್ಮ ಉಡುಪಿ ಕಡೆಯ ಯಕ್ಷಗಾನದಲ್ಲಿ ಬಣ್ಣದ ವೇಷದವನು ಅಬ್ಬರಿಸಿ ನಿಂತಾಗಲೂ ಹೀಗೇ ಗುರಾಯಿಸುತ್ತಾನೆ. ದೂರದ ಊರಿನಲ್ಲಿ ನೆಂಟನೊಬ್ಬ ಸಿಕ್ಕಷ್ಟು ಖುಷಿಯಾಯಿತು.

ನಾವಿರುವ ಹ್ಯಾರೋದಲ್ಲಿ ಶನಿವಾರದ ಅಚ್ಚಿನ ಕ್ಲಾಸಿಗೆ ಸೇರಿದ್ದು ಅವನಿಗಾಗಿಯೇ. ಐವತ್ತರ ಹತ್ತಿರ ಬಂದವಳಿಗೆ, ಪಾರ್ಕ್ ರಾಯಲ್ಲಿನ ಕಾರ್ಖಾನೆಯಲ್ಲಿ ವಾರವಿಡೀ ಸಮೋಸಾ ಪ್ಯಾಕ್ ಮಾಡುವವಳಿಗೆ ಇದೆಲ್ಲ ಯಾಕೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲೇ ಕೇಳಿದರು. ನನಗೂ ಹಟ ಬಂತು. ಅವನದೇ ಚಿತ್ರಕ್ಕೆಂದು ಬಣ್ಣಕ್ಕೊಂದರಂತೆ ಐದು ಹಲಗೆ ಕೆತ್ತಿದೆ, ಎರಡು ಸಲ ಬೆರಳು ಕೊಯ್ದುಕೊಂಡೆ.

ಟರ್ಮಿನ ಕೊನೆಗೆ ಲೈಬ್ರರಿಯಲ್ಲಿ ಪ್ರದರ್ಶನ. ಕ್ಲಾಸಿನ ಬ್ರಿಟಿಷ್ ಟೀಚರಮ್ಮ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು: ನಟನ ಕೂದಲಿನ ಕಪ್ಪು ಒಂದೇ ಸಮನಾಗಿ ಬರಬೇಕು, ಬಾರದ ಚಿತ್ರ ಗೋಡೆ ಏರುವುದಿಲ್ಲ. ನನ್ನ ಬಳಿ ಇದ್ದದ್ದು ಮೂರೇ ಹಾಳೆ ಜಪಾನಿ ಕಾಗದ.

ಬಣ್ಣ ಸಮನಾಗಿ ಹರಡಲು ಅದಕ್ಕೆ ಅಕ್ಕಿಯ ಅಂಟು ಬೆರೆಸುತ್ತಾರೆ. ಅದು ಟ್ಯೂಬಿನಲ್ಲಿ ಸಿಗುತ್ತದೆ. ಅಕ್ಕಿ ಬೇಯಿಸಿದ್ದನ್ನು ಅಂಗಡಿಯಿಂದ ತರುವ ಜಾಯಮಾನ ನನ್ನದಲ್ಲ. ನಾನೇ ಮಾಡಿ ತರುತ್ತೇನೆಂದು ಜಂಬ ಕೊಚ್ಚಿಕೊಂಡೆ. ಅಕ್ಕಿಹಿಟ್ಟು ಕಾಯಿಸಿ, ಸೋಸಿ, ಡಬ್ಬಿಯಲ್ಲಿ ಒಯ್ದೆ. ಮೊದಲ ಹಾಳೆ ಹಲಗೆಯಿಂದ ಎತ್ತುವಾಗ ಚಂದವೇ ಇತ್ತು. ಒಣಗಿದ ಮೇಲೆ ನೋಡಿದರೆ ನಟನ ಕೂದಲಲ್ಲಿ ತಲೆಹೊಟ್ಟಿನಂತೆ ಬಿಳಿ ಪುಡಿ! ಮರುವಾರ ಎರಡನೆಯದೂ ಹಾಗೆಯೇ.

"ಪರವಾಗಿಲ್ಲ, ಟ್ಯೂಬ್ ತೆಗೆದುಕೊಳ್ಳಿ" ಎಂದರು ಟೀಚರ್. ಆ ಮೃದು ದನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಅತ್ತುಬಿಟ್ಟೆ.

ಮರುದಿನ ನೋಡಿದರೆ ಗಂಡ ಫ್ರಿಡ್ಜಿನಲ್ಲಿ ಉಳಿದಿದ್ದ ಅಂಟಿಗೆ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದರು.

"ಗಂಜಿ ಭಾರೀ ಲಾಯ್ಕ್ ಆಗಿದೆ ಮಾರಾಯ್ತಿ. ಉಪ್ಪು ಕರೆಕ್ಟ್ ಉಂಟು."

ಉಪ್ಪು! ಇಷ್ಟು ವರ್ಷ ಗಂಜಿ ಕಾಯಿಸಿದ ಕೈ, ಪಾತ್ರೆ ಕುದಿ ಬಂದದ್ದೇ ತಡ, ನನ್ನನ್ನು ಕೇಳದೆ ಉಪ್ಪು ಹಾಕಿಬಿಟ್ಟಿತ್ತು. ಒಣಗಿದಾಗ ಕೂದಲಿನ ಮೇಲೆ ಎದ್ದದ್ದು ಅದೇ. ಗಂಡನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ.

ಕೊನೆಯ ಶನಿವಾರ, ಕೊನೆಯ ಹಾಳೆ. ಉಪ್ಪಿಲ್ಲದ ಹೊಸ ಅಂಟು. ನಾಲ್ಕು ಬಣ್ಣ ಸರಿಯಾಗಿ ಕೂತವು. ಉಳಿದದ್ದು ಕಪ್ಪಿನ ಹಲಗೆ. ಹಾಳೆಯ ಬೆನ್ನನ್ನು ತೋಳು ಸೋಲುವವರೆಗೆ ಒತ್ತಿ ಉಜ್ಜಿದೆ. ಒಣಗುವಷ್ಟರಲ್ಲಿ ಮೂರು ಕಪ್ ಚಹಾ ಕುಡಿದೆ. ಬಿಳಿ ಏಳಲಿಲ್ಲ. ಕೂದಲು ಕಾಡಿಗೆಯಷ್ಟು ಕಪ್ಪು, ಎಲ್ಲೂ ಒಂದು ಚುಕ್ಕೆಯಿಲ್ಲ. ಟೀಚರ್ ಅದನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಆ ಅಂಟು ನನಗೂ ಸ್ವಲ್ಪ ಕೊಡುತ್ತೀರಾ?" ಎಂದರು.

ಪ್ರದರ್ಶನದ ದಿನ ಲೈಬ್ರರಿಯ ಗೋಡೆಯಿಂದ ನನ್ನ ನಟ ಎಲ್ಲರನ್ನೂ ಗುರಾಯಿಸುತ್ತಿದ್ದ. ಕೆಳಗೆ ಟೀಚರ್ ಚೀಟಿ ಅಂಟಿಸಿದ್ದರು: ‘ವಿದ್ಯಾರ್ಥಿನಿಯ ಪ್ರಯತ್ನ’. ನಾನು ಅವರನ್ನು ಕರೆದು ತೋರಿಸಿದೆ.

"ಪ್ರಯತ್ನಗಳು ಎರಡೂ ಮನೆಯಲ್ಲಿವೆ. ಇದು ಚಿತ್ರ."

ಅವರು ನಕ್ಕು, ಚೀಟಿ ಕಿತ್ತು, ಪೆನ್ನು ತೆಗೆದು ನನ್ನ ಹೆಸರು ಬರೆಯತೊಡಗಿದರು.

"ದೊಡ್ಡ ಅಕ್ಷರದಲ್ಲಿ" ಎಂದೆ.